ಫ್ಲೋರೈಡ್ ಟೂತ್‌ಪೇಸ್ಟ್ ಬಳಕೆ (ಸೂಳೆಕೆರೆ ಪ್ರದೇಶ)

ಫ್ಲೋರೈಡ್ ಟೂತ್‌ಪೇಸ್ಟ್ ಎಂದರೆ ಫ್ಲೋರಿನ್ ಧಾತುವಿನ ಲವಣವೊಂದನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ ತಯಾರಿಸಿದ, ಹಲ್ಲುಜ್ಜಲು ಬಳಸುವ ಪೇಸ್ಟ್. ದಂತಕ್ಷಯವನ್ನು, ಅಂದರೆ ಹಲ್ಲು ಹುಳುಕಾಗುವುದನ್ನು ತಡೆಯುವುದು ಇದರ ಮುಖ್ಯ ಉದ್ದೇಶ. ಜಗತ್ತಿನ ಬಹುತೇಕ ಕಡೆ ಈ ಪೇಸ್ಟು ದಿನನಿತ್ಯದ ಸಾಧಾರಣ ವಸ್ತುವಾಗಿದ್ದು, ಅದರ ಬಗ್ಗೆ ಹೆಚ್ಚು ಯೋಚಿಸುವ ಅಗತ್ಯ ಬೀಳುವುದಿಲ್ಲ. ಆದರೆ ಕುಡಿಯುವ ನೀರಿನಲ್ಲಿಯೇ ಫ್ಲೋರೈಡ್ ಅಧಿಕವಾಗಿರುವ ಪ್ರದೇಶಗಳಲ್ಲಿ ಪರಿಸ್ಥಿತಿ ಬೇರೆ. ಕರ್ನಾಟಕದ ದಾವಣಗೆರೆ ಜಿಲ್ಲೆಯ ಸೂಳೆಕೆರೆಯ ಸುತ್ತಲಿನ ನೀರಾವರಿ ಸೀಮೆ ಹಾಗೂ ಅದರ ಪೂರ್ವಕ್ಕಿರುವ ಜಗಳೂರು, ಚಿತ್ರದುರ್ಗದ ಒಣ ಬಯಲು ಇದಕ್ಕೆ ಉತ್ತಮ ಉದಾಹರಣೆ. ಇಲ್ಲಿ ಕೆಲವು ಊರುಗಳ ಜನ ಕೆರೆ ಅಥವಾ ನದಿಯ ನೀರನ್ನು ಕುಡಿಯುತ್ತಾರೆ. ಇನ್ನು ಕೆಲವು ಊರುಗಳು ಆಳವಾದ ಕೊಳವೆಬಾವಿಗಳನ್ನು ಅವಲಂಬಿಸಿವೆ. ಆದ್ದರಿಂದ ಒಂದೇ ಅಂಗಡಿಯ ಒಂದೇ ಪೇಸ್ಟು ಎರಡು ಊರುಗಳ ಎರಡು ಮಕ್ಕಳಿಗೆ ಒಂದೇ ಅರ್ಥದ್ದಾಗುವುದಿಲ್ಲ. ಎಷ್ಟು ಪೇಸ್ಟು ಬಳಸಬೇಕು ಎಂಬುದು ಬಳಸುವವರ ವಯಸ್ಸನ್ನೂ ಅವರು ಕುಡಿಯುವ ನೀರನ್ನೂ ಅವಲಂಬಿಸಿದೆ.

ಪ್ರದೇಶ ಮತ್ತು ನೀರು

ಸೂಳೆಕೆರೆಯು ಚನ್ನಗಿರಿ ತಾಲ್ಲೂಕಿನಲ್ಲಿದ್ದು, ಶಾಂತಿಸಾಗರ ಎಂಬ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ಶಾಂತವ್ವೆ ಎಂಬ ರಾಜಕುಮಾರಿ ಇದನ್ನು ಕಟ್ಟಿಸಿದಳೆಂಬ ಐತಿಹ್ಯವು ಜನರಲ್ಲಿ ಪ್ರಚಲಿತವಾಗಿದೆ. ಹರಿಹರದ ಬಳಿ ತುಂಗಭದ್ರೆಯನ್ನು ಸೇರುವ ಹರಿದ್ರಾ ಹೊಳೆಗೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಈ ಕೆರೆಯನ್ನು ನಿರ್ಮಿಸಲಾಗಿದೆ. ಸಿದ್ಧನಾಲೆ ಮತ್ತು ಬಸವನಾಲೆ ಎಂಬ ಎರಡು ನಾಲೆಗಳು ಇದರ ನೀರನ್ನು ಹೊಲಗದ್ದೆಗಳಿಗೆ ಒಯ್ಯುತ್ತವೆ. ನೀರಾವರಿಯ ಜೊತೆಗೆ ಕುಡಿಯುವ ನೀರಿನ ಮೂಲವಾಗಿಯೂ ಕೆರೆಗೆ ಮಹತ್ವವಿದೆ. ಇಲ್ಲಿಂದ ಚಿತ್ರದುರ್ಗ ನಗರಕ್ಕೂ ಹಲವು ಗ್ರಾಮಗಳಿಗೂ ಕೊಳವೆ ಮಾರ್ಗದ ಮೂಲಕ ನೀರು ಪೂರೈಕೆಯಾಗುತ್ತದೆ.

ಚನ್ನಗಿರಿ, ಹೊನ್ನಾಳಿ ಮತ್ತು ಹೊನ್ನಾಳಿಯಿಂದ ಬೇರ್ಪಟ್ಟು ರಚನೆಯಾದ ನ್ಯಾಮತಿ ತಾಲ್ಲೂಕುಗಳು ಮೊದಲು ಶಿವಮೊಗ್ಗ ಜಿಲ್ಲೆಯ ಭಾಗವಾಗಿದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಇವು ಒಂದೇ ಜಿಲ್ಲೆಯೊಳಗೆ ಬಂದವು. ಆಡಳಿತದಲ್ಲಿ ಒಂದಾದರೂ ನೀರಿನ ವಿಷಯದಲ್ಲಿ ಇವು ಒಂದೇ ಬಗೆಯವಲ್ಲ. ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿದೆ. ಚನ್ನಗಿರಿಯ ಬಹುಭಾಗ ಭದ್ರಾ ನಾಲೆ ಹಾಗೂ ಸೂಳೆಕೆರೆಯ ನೀರಿನಿಂದ ಅಡಿಕೆ ಮತ್ತು ಭತ್ತದ ಸೀಮೆಯಾಗಿದೆ. ಜಗಳೂರು ಮಳೆಯ ಕೊರತೆಯ, ಮೆಕ್ಕೆಜೋಳ ಮತ್ತು ಶೇಂಗಾ ಬೆಳೆಯುವ ಬಯಲುಸೀಮೆ. ಇಲ್ಲಿ ದೀರ್ಘಕಾಲ ಕುಡಿಯಲು ಕೊಳವೆಬಾವಿಯೇ ಮುಖ್ಯ ಆಧಾರವಾಗಿತ್ತು.

ಈ ಭಾಗದ ಗ್ರಾನೈಟ್ ಹಾಗೂ ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಕಾಗೆಬಂಗಾರದ ಜಾತಿಯ ಬಯೋಟೈಟ್ ಮೊದಲಾದ ಫ್ಲೋರಿನ್‌ಯುಕ್ತ ಖನಿಜಗಳಿರುತ್ತವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಅಂತರ್ಜಲವು ಈ ಖನಿಜಗಳಿಂದ ಫ್ಲೋರೈಡನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ನೀರು ಕ್ಷಾರೀಯವಾಗಿದ್ದು ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದಷ್ಟೂ ಕರಗುವಿಕೆ ಹೆಚ್ಚು. ಮಳೆ ಕಡಿಮೆಯಾಗಿ ಕೊಳವೆಬಾವಿಗಳು ಆಳಕ್ಕಿಳಿದಂತೆ ಇಂತಹ ಹಳೆಯ ನೀರು ಮೇಲೆ ಬರುವ ಸಂಭವ ಹೆಚ್ಚುತ್ತದೆ. ಮಳೆಯಿಂದ ತುಂಬುವ ಕೆರೆ ಮತ್ತು ಹೊಳೆಯ ನೀರಿಗೆ ಬಂಡೆಯೊಡನೆ ಅಷ್ಟು ದೀರ್ಘ ಸಂಪರ್ಕ ಇರುವುದಿಲ್ಲ. ಆದ್ದರಿಂದ ಅದರಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ.

ಭಾರತೀಯ ಮಾನಕ ಸಂಸ್ಥೆಯ 2012ರ ಕುಡಿಯುವ ನೀರಿನ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂವರೆಗಿನ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರಿನ ಮೂಲ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿಯೂ 1.5 ಮಿಲಿಗ್ರಾಂ ಆಗಿದೆ. ಫ್ಲೋರೈಡಿಗೆ ಬಣ್ಣ, ವಾಸನೆ ಇಲ್ಲ. ಈ ಮಟ್ಟಗಳಲ್ಲಿ ರುಚಿಯಿಂದಲೂ ಅದನ್ನು ಗುರುತಿಸಲಾಗದು. ನೀರು ಸಿಹಿಯಾಗಿದೆ ಅಥವಾ ತಿಳಿಯಾಗಿದೆ ಎಂಬುದರಿಂದ ಫ್ಲೋರೈಡ್ ಇಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ. ಪರೀಕ್ಷೆಯೊಂದೇ ದಾರಿ. ಗ್ರಾಮ ಪಂಚಾಯಿತಿಗಳಿಗೆ ಒದಗಿಸಲಾಗುವ ಕ್ಷೇತ್ರ ಪರೀಕ್ಷಾ ಕಿಟ್ ಮೂಲಕವೂ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿಯೂ ಈ ಪರೀಕ್ಷೆ ನಡೆಯುತ್ತದೆ.

ಫ್ಲೋರೈಡ್ ಹಲ್ಲಿನ ಮೇಲೆ ಕೆಲಸ ಮಾಡುವ ಬಗೆ

ಹಲ್ಲಿನ ಹೊರಪದರವಾದ ಎನಾಮಲ್ ದೇಹದ ಅತ್ಯಂತ ಗಟ್ಟಿಯಾದ ವಸ್ತು. ಅದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳಿಂದಾದ ಹೈಡ್ರಾಕ್ಸಿ ಅಪಟೈಟ್ ಎಂಬ ಹರಳುಗಳಿಂದ ರಚಿತವಾಗಿದೆ. ಸಕ್ಕರೆ, ಬೆಲ್ಲ, ಬಿಸ್ಕತ್ತು ಮುಂತಾದವನ್ನು ತಿಂದಾಗ ಹಲ್ಲಿನ ಮೇಲಿನ ಪಾಚಿಯಂತಹ ಪದರದಲ್ಲಿರುವ ಬ್ಯಾಕ್ಟೀರಿಯಾಗಳು ಅವನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಬಾಯಿಯ ಪಿಎಚ್ ಮೌಲ್ಯವು ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್‌ನಿಂದ ಖನಿಜಾಂಶ ಕರಗತೊಡಗುತ್ತದೆ. ಸ್ವಲ್ಪ ಹೊತ್ತಿನ ನಂತರ ಜೊಲ್ಲು ಆಮ್ಲವನ್ನು ಶಮನಗೊಳಿಸಿ, ಕರಗಿದ ಖನಿಜವನ್ನು ಮತ್ತೆ ಹಲ್ಲಿಗೆ ಸೇರಿಸುತ್ತದೆ. ಈ ಕರಗುವಿಕೆ ಮತ್ತು ಮರುಪೂರಣ ದಿನವೂ ಹಲವು ಬಾರಿ ನಡೆಯುತ್ತಿರುತ್ತವೆ. ಕರಗುವಿಕೆಯ ಕೈ ಮೇಲಾದಾಗ ಹಲ್ಲು ಹುಳುಕಾಗುತ್ತದೆ.

ಬಾಯಿಯಲ್ಲಿ ಅಲ್ಪ ಪ್ರಮಾಣದ ಫ್ಲೋರೈಡ್ ಇದ್ದರೆ ಮರುಪೂರಣ ಚುರುಕಾಗುತ್ತದೆ. ಹೊಸದಾಗಿ ಸೇರುವ ಹರಳುಗಳು ಫ್ಲೋರೈಡನ್ನು ಒಳಗೊಂಡಿದ್ದು, ಆಮ್ಲಕ್ಕೆ ಅಷ್ಟು ಸುಲಭವಾಗಿ ಕರಗುವುದಿಲ್ಲ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲ್ಮೈಯಲ್ಲಿದ್ದೇ ತನ್ನ ಕೆಲಸ ಮಾಡುತ್ತದೆ. ಈ ಪ್ರಯೋಜನಕ್ಕಾಗಿ ಅದನ್ನು ನುಂಗುವ ಅಗತ್ಯವಿಲ್ಲ. 5ರಿಂದ 16 ವರ್ಷದ ಮಕ್ಕಳ ಕುರಿತಾದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2003ರ ಕೊಕ್ರೇನ್ ವಿಮರ್ಶೆಯು ಫ್ಲೋರೈಡ್ ಪೇಸ್ಟು ದಂತಕ್ಷಯವನ್ನು ಸರಾಸರಿ ಶೇಕಡ 24ರಷ್ಟು ತಗ್ಗಿಸುತ್ತದೆಂದು ಕಂಡುಕೊಂಡಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಫ್ಲೋರೈಡ್ ಟೂತ್‌ಪೇಸ್ಟನ್ನು ತನ್ನ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ದಂತ ಫ್ಲೋರೋಸಿಸ್

ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವ ಕಾಲದಲ್ಲಿ ದೇಹದೊಳಗೆ ಅಧಿಕ ಫ್ಲೋರೈಡ್ ಸೇರಿದರೆ ಎನಾಮಲ್ ಸರಿಯಾಗಿ ಪಕ್ವವಾಗುವುದಿಲ್ಲ. ಇದರಿಂದ ಉಂಟಾಗುವ ದೋಷಕ್ಕೆ ದಂತ ಫ್ಲೋರೋಸಿಸ್ ಎಂದು ಹೆಸರು. ಸೌಮ್ಯ ಸ್ಥಿತಿಯಲ್ಲಿ ಹಲ್ಲಿನ ಮೇಲೆ ಸುಣ್ಣ ಬಳಿದಂತಹ ಬಿಳಿಯ ಗೆರೆ ಅಥವಾ ಮಚ್ಚೆಗಳು ಕಾಣಿಸುತ್ತವೆ. ತೀವ್ರತೆ ಹೆಚ್ಚಿದಂತೆ ಹಳದಿ ಮತ್ತು ಕಂದು ಬಣ್ಣದ ಪಟ್ಟಿಗಳು ಮೂಡುತ್ತವೆ. ಅತಿ ತೀವ್ರವಾದಾಗ ಎನಾಮಲ್‌ನಲ್ಲಿ ಸಣ್ಣ ಗುಳಿಗಳು ಬಿದ್ದು, ಹಲ್ಲು ಚಕ್ಕೆ ಏಳುತ್ತದೆ.

ಮುಂದಿನ ಶಾಶ್ವತ ಬಾಚಿಹಲ್ಲುಗಳ ಎನಾಮಲ್ ಮಗುವಿನ ಮೊದಲ ಮೂರ್ನಾಲ್ಕು ವರ್ಷಗಳಲ್ಲಿ ರೂಪುಗೊಳ್ಳುತ್ತದೆ. ಬುದ್ಧಿಹಲ್ಲನ್ನು ಬಿಟ್ಟು ಉಳಿದ ಶಾಶ್ವತ ಹಲ್ಲುಗಳ ಎನಾಮಲ್ ಸುಮಾರು 8ನೆಯ ವಯಸ್ಸಿಗೆ ಪೂರ್ಣಗೊಳ್ಳುತ್ತದೆ. ಆದರೆ ಆ ಬಾಚಿಹಲ್ಲುಗಳು ಮೂಡಿ ಬರುವುದು 6ರಿಂದ 8ನೆಯ ವಯಸ್ಸಿನಲ್ಲಿ. ಆದ್ದರಿಂದ ಶಾಲೆಗೆ ಹೋಗುವ ಮಗುವಿನ ಹಲ್ಲಿನಲ್ಲಿ ಕಲೆ ಕಾಣಿಸಿದಾಗ ಅದಕ್ಕೆ ಕಾರಣವಾದ ಕಾಲವು ಆಗಲೇ ಕಳೆದುಹೋಗಿರುತ್ತದೆ. ವಯಸ್ಕರಾದ ಮೇಲೆ ಅಧಿಕ ಫ್ಲೋರೈಡ್‌ನ ಊರಿಗೆ ಮದುವೆಯಾಗಿ ಅಥವಾ ಉದ್ಯೋಗಕ್ಕಾಗಿ ಬಂದವರ ಹಲ್ಲಿನಲ್ಲಿ ಈ ಕಲೆ ಮೂಡದಿರುವುದಕ್ಕೂ ಇದೇ ಕಾರಣ. ಆದರೆ ಅಂತಹ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಮತ್ತು ಕೀಲುಗಳಲ್ಲಿ ಬಿಗಿತ, ನೋವು ಉಂಟುಮಾಡುವ ಮೂಳೆಯ ಫ್ಲೋರೋಸಿಸ್ ವಯಸ್ಕರಿಗೂ ಬರಬಹುದು.

ಹಲ್ಲಿನ ಎಲ್ಲ ಕಲೆಗಳೂ ಫ್ಲೋರೋಸಿಸ್ ಅಲ್ಲ. ಎಲೆಅಡಿಕೆ, ತಂಬಾಕು, ಚಹಾಗಳಿಂದ ಬರುವ ಕಲೆ ಹಲ್ಲಿನ ಹೊರಗೆ ಅಂಟಿಕೊಂಡಿರುತ್ತದೆ. ದಂತವೈದ್ಯರು ಅದನ್ನು ಶುಚಿಗೊಳಿಸಬಹುದು. ಫ್ಲೋರೋಸಿಸ್ ಕಲೆ ಎನಾಮಲ್‌ನೊಳಗೆ ಇರುತ್ತದೆ. ಅದು ಸಾಮಾನ್ಯವಾಗಿ ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿಯಾಗಿ, ಅಡ್ಡಪಟ್ಟಿಯ ರೂಪದಲ್ಲಿ ಕಾಣಿಸುತ್ತದೆ.

ಇತಿಹಾಸ

ಫ್ಲೋರೈಡ್ ಟೂತ್‌ಪೇಸ್ಟಿನ ಚರಿತ್ರೆಯು ಪೇಸ್ಟಿನಿಂದಲ್ಲ, ಕಲೆಯಾದ ಹಲ್ಲುಗಳಿಂದ ಆರಂಭವಾಗುತ್ತದೆ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣದಲ್ಲಿ ವೃತ್ತಿ ಆರಂಭಿಸಿದ ದಂತವೈದ್ಯ ಫ್ರೆಡರಿಕ್ ಮೆಕ್ಕೇ, ಅಲ್ಲಿನ ಜನರ ಹಲ್ಲಿನಲ್ಲಿ ವಿಚಿತ್ರವಾದ ಕಂದು ಕಲೆಗಳನ್ನು ಗಮನಿಸಿದರು. ಅಂತಹ ಹಲ್ಲುಗಳು ಹುಳುಕಾಗುವುದು ಕಡಿಮೆ ಎಂಬುದೂ ಅವರ ಗಮನಕ್ಕೆ ಬಂದಿತು. ನೀರೇ ಇದಕ್ಕೆ ಕಾರಣವಿರಬೇಕೆಂದು ಅವರು ಅನುಮಾನಿಸಿದರು. ಐಡಾಹೊ ರಾಜ್ಯದ ಓಕ್ಲಿ ಎಂಬ ಊರಿನಲ್ಲಿ ಅವರ ಸಲಹೆಯಂತೆ ಹಳೆಯ ಕೊಳವೆ ಮಾರ್ಗವನ್ನು ಬಿಟ್ಟು ಬೇರೊಂದು ಬುಗ್ಗೆಯ ನೀರನ್ನು ತರಲಾಯಿತು. ಕೆಲವು ವರ್ಷಗಳಲ್ಲಿ ಅಲ್ಲಿನ ಕಿರಿಯ ಮಕ್ಕಳ ಹೊಸ ಹಲ್ಲುಗಳು ಕಲೆಯಿಲ್ಲದೆ ಮೂಡಿದವು. ಆ ನೀರಿನಲ್ಲಿದ್ದುದು ಫ್ಲೋರೈಡ್ ಎಂಬುದನ್ನು 1931ರಲ್ಲಿ ರಸಾಯನ ವಿಜ್ಞಾನಿ ಎಚ್. ವಿ. ಚರ್ಚಿಲ್ ಪತ್ತೆಹಚ್ಚಿದರು. ಬಳಿಕ ಟ್ರೆಂಡ್ಲಿ ಡೀನ್ ಅವರು ಕಲೆಯ ತೀವ್ರತೆಯನ್ನು ಅಳೆಯುವ ಸೂಚ್ಯಂಕವನ್ನು ರೂಪಿಸಿದರು. ಅದು ಡೀನ್ ಸೂಚ್ಯಂಕವೆಂಬ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲನ್ನು ಕಾಪಾಡುತ್ತದೆ, ಅಧಿಕವಾದರೆ ಕೆಡಿಸುತ್ತದೆ ಎಂಬ ಅರಿವು ಈ ಅಧ್ಯಯನಗಳಿಂದ ಮೂಡಿತು. 1950ರ ದಶಕದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಫ್ಲೋರೈಡ್ ಪೇಸ್ಟುಗಳು ಮಾರುಕಟ್ಟೆಗೆ ಬಂದವು.

ಭಾರತದಲ್ಲಿ ಫ್ಲೋರೋಸಿಸ್ ಕುರಿತ ಮೊದಲ ವರದಿ 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಬಂದಿತು. ಅನಂತರ ಹಲವು ರಾಜ್ಯಗಳಲ್ಲಿ ಸಮಸ್ಯೆ ಗುರುತಿಸಲ್ಪಟ್ಟಿತು. ಕರ್ನಾಟಕದಲ್ಲಿ ಚಿತ್ರದುರ್ಗ, ದಾವಣಗೆರೆ, ತುಮಕೂರು ಜಿಲ್ಲೆಯ ಪಾವಗಡ, ಕೋಲಾರ, ಗದಗ, ಕೊಪ್ಪಳ, ರಾಯಚೂರು ಮುಂತಾದ ಕಡೆ ಅಂತರ್ಜಲದಲ್ಲಿ ಅಧಿಕ ಫ್ಲೋರೈಡ್ ಕಂಡುಬಂದಿದೆ. ಕೇಂದ್ರ ಸರ್ಕಾರವು ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ, 2008–09ರಲ್ಲಿ, ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು.

ಪೇಸ್ಟಿನ ಘಟಕಗಳು ಮತ್ತು ಟ್ಯೂಬಿನ ಮೇಲಿನ ಬರಹ

ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ, ತೇವ ಕಾಯುವ ದ್ರವ್ಯ, ನೊರೆ ಬರಿಸುವ ಪದಾರ್ಥ, ಅಂಟು, ಪರಿಮಳ, ಸಿಹಿ ಮತ್ತು ನೀರು ಇರುತ್ತವೆ. ಫ್ಲೋರೈಡ್ ಪೇಸ್ಟಿನಲ್ಲಿ ಇವುಗಳ ಜೊತೆಗೆ ಸೋಡಿಯಂ ಫ್ಲೋರೈಡ್, ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ ಅಥವಾ ಸ್ಟ್ಯಾನಸ್ ಫ್ಲೋರೈಡ್ ಇರುತ್ತದೆ. ಸುಣ್ಣದ ಜಾತಿಯ ಉಜ್ಜುವ ಪುಡಿಯಿರುವ ಬಿಳಿ ಪೇಸ್ಟುಗಳಲ್ಲಿ ಸಾಮಾನ್ಯವಾಗಿ ಮೊನೊಫ್ಲೋರೋಫಾಸ್ಫೇಟ್ ಬಳಸುತ್ತಾರೆ; ಏಕೆಂದರೆ ಸೋಡಿಯಂ ಫ್ಲೋರೈಡ್ ಕ್ಯಾಲ್ಸಿಯಂನೊಡನೆ ಕೂಡಿ ಕರಗದ ರೂಪ ತಾಳಿ ನಿರುಪಯುಕ್ತವಾಗುತ್ತದೆ. ಪೇಸ್ಟು ಹಳೆಯದಾದಂತೆ ಅದರಲ್ಲಿ ಉಪಯೋಗಕ್ಕೆ ಬರುವ ಫ್ಲೋರೈಡ್ ಕಡಿಮೆಯಾಗುವುದರಿಂದ, ಬಳಕೆಯ ಕೊನೆಯ ದಿನಾಂಕ ಮುಖ್ಯವಾಗುತ್ತದೆ.

ಭಾರತದ ಔಷಧ ಮತ್ತು ಪ್ರಸಾಧನ ಸಾಮಗ್ರಿ ನಿಯಮಗಳು ಪೇಸ್ಟಿನಲ್ಲಿ ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಮೀರಬಾರದೆಂದು ವಿಧಿಸಿವೆ. ಪಿಪಿಎಂ ಎಂದರೆ ಹತ್ತು ಲಕ್ಷ ಭಾಗಗಳಲ್ಲಿ ಎಷ್ಟು ಭಾಗ ಎಂಬ ಅಳತೆ. 1000 ಪಿಪಿಎಂ ಎಂದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್. ಈ ಸಂಖ್ಯೆಯನ್ನೂ ಬಳಕೆಯ ಕೊನೆಯ ದಿನಾಂಕವನ್ನೂ ಟ್ಯೂಬು ಮತ್ತು ಹೊರಪೆಟ್ಟಿಗೆಗಳ ಮೇಲೆ ಮುದ್ರಿಸಬೇಕು. ಗಿಡಮೂಲಿಕೆಯ ಹೆಸರಿನ ಅನೇಕ ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದಿಲ್ಲ, ಕೆಲವಲ್ಲಿ ಇರುತ್ತದೆ. ಹೆಸರಿನಿಂದಾಗಲಿ ಬಣ್ಣದಿಂದಾಗಲಿ ಅದನ್ನು ಊಹಿಸದೆ ಘಟಕಗಳ ಪಟ್ಟಿಯನ್ನು ಓದುವುದೇ ಸರಿಯಾದ ಕ್ರಮ. ಟ್ಯೂಬಿನ ತುದಿಯಲ್ಲಿರುವ ಹಸಿರು, ನೀಲಿ, ಕೆಂಪು, ಕಪ್ಪು ಚೌಕಗಳು ಪೇಸ್ಟಿನ ಗುಣವನ್ನು ಸೂಚಿಸುತ್ತವೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ಅವು ಟ್ಯೂಬನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಎಂದು ಯಂತ್ರಕ್ಕೆ ತಿಳಿಸುವ ಗುರುತುಗಳು ಮಾತ್ರ.

ನೀರು ಮತ್ತು ಪೇಸ್ಟು: ಒಂದು ಲೆಕ್ಕ

ನೀರಿನಿಂದ ಮತ್ತು ಪೇಸ್ಟಿನಿಂದ ದೇಹಕ್ಕೆ ಸೇರುವ ಫ್ಲೋರೈಡನ್ನು ಹೋಲಿಸಲು ಸರಳ ಲೆಕ್ಕವೊಂದು ಸಾಕು. ಬಟಾಣಿ ಕಾಳಿನಷ್ಟು ಪೇಸ್ಟಿನ ತೂಕ ಸುಮಾರು ಕಾಲು ಗ್ರಾಂ. ಅದರಲ್ಲಿ 0.25 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಅಕ್ಕಿ ಕಾಳಿನಷ್ಟಾದರೆ ಸುಮಾರು 0.1 ಮಿಲಿಗ್ರಾಂ. ಜಾಹೀರಾತುಗಳಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಹಚ್ಚಿದರೆ ಪೇಸ್ಟು ಸುಮಾರು ಒಂದು ಗ್ರಾಂ, ಫ್ಲೋರೈಡ್ 1 ಮಿಲಿಗ್ರಾಂ ಆಗುತ್ತದೆ.

ಒಂದು ಮಗು ದಿನಕ್ಕೆ ಒಂದು ಲೀಟರ್ ನೀರು ಕುಡಿಯುತ್ತದೆಂದು ಭಾವಿಸಿದರೆ, ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಕೊಳವೆಬಾವಿಯ ನೀರಿನಿಂದ 2 ಮಿಲಿಗ್ರಾಂ ದೇಹಕ್ಕೆ ಸೇರುತ್ತದೆ. ಅದೇ ನೀರಿನಲ್ಲಿ ಬೇಯಿಸಿದ ಅನ್ನ, ಸಾರು, ಮುದ್ದೆಗಳಿಂದ ಇನ್ನಷ್ಟು ಸೇರುತ್ತದೆ. ಆ ಮಗು ದಿನಕ್ಕೆ ಎರಡು ಬಾರಿ ಬಟಾಣಿಯಷ್ಟು ಪೇಸ್ಟು ಬಳಸಿ ಎಲ್ಲವನ್ನೂ ನುಂಗಿದರೂ ಅದು 0.5 ಮಿಲಿಗ್ರಾಂ ಮಾತ್ರ. ಅಂದರೆ ಇಂತಹ ಊರಿನಲ್ಲಿ ಕಲೆಗೆ ಮೂಲ ಕಾರಣ ನೀರು. ಪೇಸ್ಟನ್ನು ಮಾತ್ರ ಬಿಟ್ಟು ಅದೇ ನೀರನ್ನು ಕುಡಿಯುತ್ತಾ ಹೋದರೆ ಮಗುವಿನ ಮುಂದಿನ ಹಲ್ಲುಗಳು ಉಳಿಯುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಲೀಟರಿಗೆ 0.3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಕುಡಿಯುವ ಮಗುವಿಗೆ ನೀರಿನಿಂದ ಬರುವುದು 0.3 ಮಿಲಿಗ್ರಾಂ. ಆ ಮಗು ದಿನಕ್ಕೆ ಎರಡು ಬಾರಿ ಬ್ರಷ್ ತುಂಬ ಪೇಸ್ಟು ಹಚ್ಚಿಕೊಂಡು ಅರ್ಧದಷ್ಟನ್ನು ನುಂಗಿದರೆ ಪೇಸ್ಟಿನಿಂದಲೇ 1 ಮಿಲಿಗ್ರಾಂ ಸೇರುತ್ತದೆ. ಇಲ್ಲಿ ಪೇಸ್ಟಿನ ಪಾಲೇ ಹೆಚ್ಚು. ಆದರೂ ಇಲ್ಲಿ ಪೇಸ್ಟನ್ನು ತ್ಯಜಿಸಬೇಕಾಗಿಲ್ಲ. ಅಳತೆಯನ್ನು ತಗ್ಗಿಸಿ, ಉಗುಳುವುದನ್ನು ಕಲಿಸಿದರೆ ಸಾಕು.

ದಿನಬಳಕೆಯ ಅನುಭವಗಳು

ಟೂತ್‌ಪೇಸ್ಟು ಹಳ್ಳಿಗಳನ್ನು ತಲುಪುವ ಮೊದಲು ಬೇವಿನ ಕಡ್ಡಿ, ಹೊಂಗೆ ಕಡ್ಡಿ, ಉಪ್ಪು, ಇದ್ದಿಲು, ಬೂದಿ, ಹಲ್ಲುಪುಡಿಗಳು ರೂಢಿಯಲ್ಲಿದ್ದವು. ಹಿರಿಯರಲ್ಲಿ ಹಲವರು ಈಗಲೂ ಅವನ್ನು ಬಳಸುತ್ತಾರೆ. ಕಡ್ಡಿಯನ್ನು ಚೆನ್ನಾಗಿ ಜಗಿದು ಮೃದುಮಾಡಿ ಉಜ್ಜಿದರೆ ಹಲ್ಲಿನ ಮೇಲಿನ ಪದರ ಹೋಗುತ್ತದೆ. ಆದರೆ ಫ್ಲೋರೈಡ್ ಪೇಸ್ಟಿನಿಂದ ಆಗುವ ಮರುಪೂರಣದ ಲಾಭ ಅದರಿಂದ ದೊರೆಯುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಮರಳಿನಂತಹ ಒರಟು ವಸ್ತುಗಳು ಎನಾಮಲ್ ಅನ್ನು ಸವೆಸುತ್ತವೆ. ಹಲ್ಲುಪುಡಿ ಮತ್ತು ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಭಾರತದಲ್ಲಿ 1992ರಲ್ಲಿ ನಿಷೇಧಿಸಲಾಗಿದೆ.

ಕಂದು ಕಲೆಯುಳ್ಳ ಮಕ್ಕಳು ಸರಿಯಾಗಿ ಹಲ್ಲುಜ್ಜುವುದಿಲ್ಲವೆಂಬ ಆಪಾದನೆಗೆ ಒಳಗಾಗುವುದು ಸಾಮಾನ್ಯ. ಮನೆಯಲ್ಲಿ ಗದರಿಕೆ, ಶಾಲೆಯಲ್ಲಿ ಗೆಳೆಯರ ಗೇಲಿ ಎರಡೂ ಸೇರಿ ಅವರು ಬಾಯಿಗೆ ಕೈ ಅಡ್ಡವಿಟ್ಟು ನಗುವುದನ್ನು ರೂಢಿಸಿಕೊಳ್ಳುತ್ತಾರೆ. ಕೆಲವರು ಕಲೆಯನ್ನು ತೆಗೆಯಲೆಂದು ಗಡುಸು ಬ್ರಷ್ಷಿನಿಂದಲೂ ಉಪ್ಪು, ಇಟ್ಟಿಗೆ ಪುಡಿಗಳಿಂದಲೂ ತಿಕ್ಕುತ್ತಾರೆ. ಕಲೆ ಎನಾಮಲ್‌ನ ಒಳಗಿರುವುದರಿಂದ ಯಾವ ಪೇಸ್ಟೂ ಅದನ್ನು ಅಳಿಸಲಾರದು. ಅತಿಯಾಗಿ ತಿಕ್ಕಿದರೆ ಒಸಡು ಹಿಂದೆ ಸರಿದು, ತಣ್ಣೀರು ತಾಗಿದಾಗ ಹಲ್ಲು ಜುಮ್ಮೆನ್ನತೊಡಗುತ್ತದೆ. ಕಲೆಯು ಮಗುವಿನ ಸೋಮಾರಿತನದ ಗುರುತಲ್ಲ, ಊರಿನ ನೀರಿನ ಗುರುತು ಎಂಬುದನ್ನು ಪೋಷಕರೂ ಶಿಕ್ಷಕರೂ ತಿಳಿದಿರುವುದು ಅವಶ್ಯ.

ನೊರೆ ಹೆಚ್ಚಾದಷ್ಟೂ ಹಲ್ಲು ಶುಚಿಯಾಗುತ್ತದೆಂಬ ಭಾವನೆಯಿಂದ ಪೇಸ್ಟನ್ನು ಅತಿಯಾಗಿ ಬಳಸುವವರಿದ್ದಾರೆ. ನೊರೆಗೆ ಕಾರಣ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಪದಾರ್ಥ. ಫ್ಲೋರೈಡ್‌ನ ಪರಿಣಾಮಕ್ಕೂ ನೊರೆಗೂ ಸಂಬಂಧವಿಲ್ಲ. ಬಾಯಿ ತಂಪಾಗುವುದು, ಕೆಲವರಿಗೆ ನಾಲಿಗೆ ಚುರುಚುರು ಎನ್ನುವುದು ಪುದೀನ ಜಾತಿಯ ಪರಿಮಳ ದ್ರವ್ಯಗಳಿಂದ. ಬಾಯಿಹುಣ್ಣು ಪದೇಪದೇ ಆಗುವವರು ನೊರೆಯ ಪದಾರ್ಥವಿಲ್ಲದ ಪೇಸ್ಟನ್ನು ಬಳಸಿ ನೋಡಬಹುದು.

ಹಲ್ಲುಜ್ಜಿದ ಬಳಿಕ ಚೆಂಬಿನ ತುಂಬ ನೀರು ತೆಗೆದುಕೊಂಡು ಹಲವು ಸಲ ಬಾಯಿ ಮುಕ್ಕಳಿಸುವುದು ನಮ್ಮಲ್ಲಿನ ರೂಢಿ. ಇದರಿಂದ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ತೊಳೆದುಹೋಗುತ್ತದೆ. ವಯಸ್ಕರು ನೊರೆಯನ್ನು ಚೆನ್ನಾಗಿ ಉಗುಳಿ, ಅಗತ್ಯವಿದ್ದರೆ ಒಂದು ಗುಟುಕು ನೀರಿನಿಂದ ಮಾತ್ರ ಮುಕ್ಕಳಿಸುವುದು ಒಳ್ಳೆಯದು. ಬೆಳಿಗ್ಗೆ ಒಮ್ಮೆ ಮಾತ್ರ ಉಜ್ಜುವ ಅಭ್ಯಾಸವೂ ಸಾಮಾನ್ಯ. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲಿಗೆ ರಕ್ಷಣೆ ತೀರ ಕಡಿಮೆಯಿರುವ ಸಮಯ ರಾತ್ರಿ. ಆದ್ದರಿಂದ ಮಲಗುವ ಮುನ್ನ ಉಜ್ಜುವುದು ಹೆಚ್ಚು ಫಲಕಾರಿ.

ಮಕ್ಕಳಲ್ಲಿ ಬಳಕೆ

ಚಿಕ್ಕ ಮಕ್ಕಳಿಗೆ ಉಗುಳುವ ಹಿಡಿತ ಇನ್ನೂ ಬಂದಿರುವುದಿಲ್ಲ. ಹಣ್ಣಿನ ರುಚಿಯ ಪೇಸ್ಟುಗಳನ್ನು ಅವರು ತಿನಿಸಿನಂತೆ ನುಂಗುತ್ತಾರೆ. ಸಾಮಾನ್ಯ ಫ್ಲೋರೈಡ್ ಮಟ್ಟದ ನೀರಿರುವಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟನ್ನು ಮಕ್ಕಳ ದಂತವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ಪೇಸ್ಟನ್ನು ಬ್ರಷ್ಷಿಗೆ ದೊಡ್ಡವರೇ ಹಚ್ಚಿಕೊಡಬೇಕು, ಮಗುವಿನ ಜೊತೆಗೆ ನಿಂತು ಉಗುಳಿಸಬೇಕು.

ಟ್ಯೂಬನ್ನು ಮಕ್ಕಳ ಕೈಗೆ ಸಿಗದಂತೆ ಇಡುವುದು ಅಗತ್ಯ. ಒಂದು ಕಿಲೋಗ್ರಾಂ ದೇಹತೂಕಕ್ಕೆ 5 ಮಿಲಿಗ್ರಾಂ ಫ್ಲೋರೈಡ್ ಒಮ್ಮೆಲೇ ಹೊಟ್ಟೆಗೆ ಸೇರಿದರೆ ವಿಷಬಾಧೆಯ ಸಂಭವವಿದೆಯೆಂದು ಪರಿಗಣಿಸಿ ತುರ್ತು ಚಿಕಿತ್ಸೆ ಕೊಡಿಸಬೇಕು. 1000 ಪಿಪಿಎಂನ 100 ಗ್ರಾಂ ಟ್ಯೂಬಿನಲ್ಲಿ 100 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಹತ್ತು ಕಿಲೋ ತೂಕದ ಮಗು ಅರ್ಧ ಟ್ಯೂಬನ್ನು ತಿಂದರೆ ಆ ಮಿತಿ ತಲುಪುತ್ತದೆ. ಹಾಗಾದಲ್ಲಿ ಮಗುವಿಗೆ ಹಾಲು ಕುಡಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹಾಲಿನ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದಿಟ್ಟು, ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಉಜ್ಜುವಾಗ ಸ್ವಲ್ಪ ನುಂಗಿದರೆ ಇಂತಹ ಅಪಾಯವಿಲ್ಲ.

ಅಧಿಕ ಫ್ಲೋರೈಡ್ ಪ್ರದೇಶಗಳಲ್ಲಿ ಬಳಕೆ

ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವ ಊರುಗಳಲ್ಲಿ ಫ್ಲೋರೈಡ್ ಪೇಸ್ಟು ಬಳಸಬೇಕೆ ಎಂಬ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಫ್ಲೋರೋಸಿಸ್ ತಡೆಯ ಆರೋಗ್ಯ ಶಿಕ್ಷಣದಲ್ಲಿ ಇಂತಹ ಕಡೆ ಫ್ಲೋರೈಡ್‌ರಹಿತ ಪೇಸ್ಟನ್ನು ಬಳಸಬೇಕೆಂದು ಸಲಹೆ ನೀಡಲಾಗುತ್ತದೆ. ದೇಹಕ್ಕೆ ಆಗಲೇ ಹೆಚ್ಚು ಫ್ಲೋರೈಡ್ ಸೇರುತ್ತಿರುವಾಗ ಮತ್ತಷ್ಟು ಸೇರಿಸುವುದು ಬೇಡ ಎಂಬುದು ಇದರ ತರ್ಕ. ಇನ್ನೊಂದು ಅಭಿಪ್ರಾಯದ ಪ್ರಕಾರ, ಉಗುಳಲು ಕಲಿತವರಲ್ಲಿ ನುಂಗುವ ಪ್ರಮಾಣ ಅತ್ಯಲ್ಪ. ತೀವ್ರ ಫ್ಲೋರೋಸಿಸ್‌ನಿಂದ ಗುಳಿಬಿದ್ದ ಹಲ್ಲುಗಳೂ ಹುಳುಕಾಗುವುದರಿಂದ ಅವುಗಳಿಗೆ ಮೇಲ್ಮೈ ರಕ್ಷಣೆ ಬೇಕು.

ಎರಡು ಅಭಿಪ್ರಾಯಗಳೂ ಒಪ್ಪುವ ಅಂಶಗಳು ಹಲವು. ಎನಾಮಲ್ ರೂಪುಗೊಳ್ಳುತ್ತಿರುವ ಚಿಕ್ಕ ಮಕ್ಕಳಲ್ಲಿ ಪೇಸ್ಟು ಹೊಟ್ಟೆಗೆ ಹೋಗದಂತೆ ನೋಡಿಕೊಳ್ಳಬೇಕು. ಉಗುಳಲು ಬಾರದ ಮಗುವಿಗೆ ಇಂತಹ ಊರುಗಳಲ್ಲಿ ಫ್ಲೋರೈಡ್‌ರಹಿತ ಪೇಸ್ಟು ಅಥವಾ ಬರಿಯ ಬ್ರಷ್ ಸಾಕಾಗಬಹುದು. ಯಾವ ಪೇಸ್ಟಾದರೂ ಹಲ್ಲುಜ್ಜುವುದನ್ನೇ ನಿಲ್ಲಿಸಬಾರದು. ಹಾಗೆ ಮಾಡಿದರೆ ಕಲೆಯ ಜೊತೆಗೆ ಹುಳುಕೂ ಸೇರುತ್ತದೆ. ಯಾವುದೇ ನಿರ್ಧಾರಕ್ಕೆ ಮೊದಲು ಮನೆಯ ನೀರಿನ ಪರೀಕ್ಷಾ ಫಲಿತಾಂಶವನ್ನು ತಿಳಿದು, ದಂತವೈದ್ಯರೊಡನೆ ಸಮಾಲೋಚಿಸುವುದು ಸೂಕ್ತ.

ನೀರು ಬದಲಾದಾಗ

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಕಡಿಮೆಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದು, ಸಾಧಾರಣ ಕ್ಯಾಂಡಲ್ ಫಿಲ್ಟರ್, ಅತಿನೇರಳೆ ಕಿರಣದ ಯಂತ್ರ ಇವುಗಳಿಂದಲೂ ಪ್ರಯೋಜನವಿಲ್ಲ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣವನ್ನು ನೀರಿಗೆ ಬೆರೆಸಿ ಕಲಕಿ, ತಳಕ್ಕೆ ಕೂರುವ ಗಸಿಯೊಡನೆ ಫ್ಲೋರೈಡನ್ನು ತೆಗೆಯಲಾಗುತ್ತದೆ. ಆಕ್ಟಿವೇಟೆಡ್ ಅಲ್ಯೂಮಿನಾ ತುಂಬಿದ ಶೋಧಕಗಳೂ ಇವೆ. ಗ್ರಾಮಗಳಲ್ಲಿ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಹೆಚ್ಚಾಗಿ ಆರ್‌ಒ ತಂತ್ರವನ್ನು ಬಳಸುತ್ತವೆ. ಸುಸ್ಥಿತಿಯಲ್ಲಿರುವ ಘಟಕವು ಫ್ಲೋರೈಡಿನ ಬಹುಭಾಗವನ್ನು ತೆಗೆಯುತ್ತದೆ. ಘಟಕದ ನೀರನ್ನು ಕುಡಿಯಲು ಮಾತ್ರ ಬಳಸಿ, ಅಡುಗೆಗೆ ಕೊಳವೆಬಾವಿಯ ನೀರನ್ನೇ ಬಳಸಿದರೆ ಲಾಭ ಅಪೂರ್ಣವಾಗುತ್ತದೆ.

ಶುದ್ಧೀಕರಣಕ್ಕಿಂತ ಹೆಚ್ಚು ಸ್ಥಿರವಾದ ಪರಿಹಾರವೆಂದರೆ ನೀರಿನ ಮೂಲವನ್ನೇ ಬದಲಿಸುವುದು. ಸೂಳೆಕೆರೆಯ ನೀರನ್ನು ಚಿತ್ರದುರ್ಗದ ಕಡೆಗೆ ಒಯ್ಯುವ ಯೋಜನೆಗೂ, ತುಂಗಭದ್ರೆಯ ನೀರಿನಿಂದ ಜಗಳೂರು ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಗೂ, 2019ರಲ್ಲಿ ಆರಂಭವಾದ ಜಲಜೀವನ ಅಭಿಯಾನಕ್ಕೂ ಹಲ್ಲಿನ ದೃಷ್ಟಿಯಿಂದಲೂ ಮಹತ್ವವಿದೆ. ಹೊಳೆ ಅಥವಾ ಕೆರೆಯ ನೀರು ಕುಡಿಯಲು ಬಂದ ಮೇಲೆ ಹುಟ್ಟಿ ಬೆಳೆದ ಮಕ್ಕಳ ಹಲ್ಲುಗಳು ಕಲೆಯಿಲ್ಲದೆ ಮೂಡುವ ಸಾಧ್ಯತೆ ಹೆಚ್ಚು. ಒಂದೇ ಮನೆಯಲ್ಲಿ ಅಣ್ಣನ ಹಲ್ಲು ಕಂದಾಗಿಯೂ ತಂಗಿಯ ಹಲ್ಲು ಬಿಳಿಯಾಗಿಯೂ ಇರಬಹುದು. ಓಕ್ಲಿಯಲ್ಲಿ ಕಂಡದ್ದೂ ಇದೇ. ಆದರೆ ಫ್ಲೋರೈಡ್ ಕಡಿಮೆಯಿರುವ ನೀರು ಬಂದಾಗ ನೀರಿನಿಂದ ದೊರೆಯುತ್ತಿದ್ದ ರಕ್ಷಣೆಯೂ ತಗ್ಗುತ್ತದೆ. ಅಂಗಡಿಯ ಸಿಹಿ ತಿನಿಸುಗಳ ಬಳಕೆಯೂ ಹೆಚ್ಚಿದ್ದರೆ ಹುಳುಕು ಹಲ್ಲಿನ ಸಮಸ್ಯೆ ಮುಂದೆ ಬರುತ್ತದೆ. ಹಿಂದೆ ಫ್ಲೋರೈಡ್ ಪೇಸ್ಟು ಬೇಡವೆಂದಿದ್ದ ಮನೆಗೆ ಆಗ ಅದು ಬೇಕಾಗುತ್ತದೆ. ಹೀಗೆ ನೀರು ಬದಲಾದಾಗ ಪೇಸ್ಟಿನ ಬಗೆಗಿನ ಸಲಹೆಯೂ ಬದಲಾಗಬೇಕು.

ಕಲೆಗಳಿಗೆ ಚಿಕಿತ್ಸೆ

ಮೂಡಿದ ಫ್ಲೋರೋಸಿಸ್ ಕಲೆಯನ್ನು ಔಷಧಿಯಿಂದ ಗುಣಪಡಿಸಲಾಗದು. ಆದರೆ ಅದನ್ನು ಮರೆಮಾಡಲು ಅಥವಾ ತಗ್ಗಿಸಲು ದಂತವೈದ್ಯಕೀಯದಲ್ಲಿ ವಿಧಾನಗಳಿವೆ. ಸೌಮ್ಯ ಕಲೆಗಳಿಗೆ ಎನಾಮಲ್‌ನ ತೆಳುವಾದ ಮೇಲ್ಪದರವನ್ನು ಆಮ್ಲ ಮತ್ತು ನಯವಾದ ಪುಡಿಯಿಂದ ತೆಗೆಯುವ ಮೈಕ್ರೋಅಬ್ರೇಶನ್ ಹಾಗೂ ಬ್ಲೀಚಿಂಗ್ ಉಪಯುಕ್ತವಾಗಿವೆ. ಮಧ್ಯಮ ಸ್ಥಿತಿಯಲ್ಲಿ ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪ ಅಥವಾ ತೆಳುವಾದ ಹೊದಿಕೆಯನ್ನು ಅಂಟಿಸುತ್ತಾರೆ. ಚಕ್ಕೆ ಎದ್ದ ಹಲ್ಲುಗಳಿಗೆ ಪೂರ್ಣ ಕ್ಯಾಪ್ ಬೇಕಾಗಬಹುದು. ಇವೆಲ್ಲವೂ ವೈದ್ಯರಿಂದಲೇ ಆಗಬೇಕಾದ ಕೆಲಸಗಳು. ಆಮ್ಲ ಅಥವಾ ಬ್ಲೀಚಿಂಗ್ ಪುಡಿಯನ್ನು ಮನೆಯಲ್ಲಿ ಹಲ್ಲಿಗೆ ಹಚ್ಚುವುದು ಅಪಾಯಕಾರಿ. ಬಾಪೂಜಿ ದಂತ ವೈದ್ಯಕೀಯ ಕಾಲೇಜು ಸೇರಿದಂತೆ ದಾವಣಗೆರೆ ನಗರದಲ್ಲಿ ದಂತ ವೈದ್ಯಕೀಯ ಕಾಲೇಜುಗಳಿದ್ದು, ಸುತ್ತಲಿನ ತಾಲ್ಲೂಕುಗಳ ಜನರಿಗೆ ಪರೀಕ್ಷೆ ಮತ್ತು ಚಿಕಿತ್ಸೆಗೆ ಹತ್ತಿರದ ಕೇಂದ್ರಗಳಾಗಿವೆ.